ಹಳ್ಳಕ್ಕೆ 36 ಮೀಟರ್ ಸಂಕ: ಕಾಲ್ನಡಿಗೆಗೂ ಸೈಕಲ್ಲಿಗೂ ಆಗಬೇಕು, ದಂಡೆಯ ಕಾಡೂ ಉಳಿಯಬೇಕು

(ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಹಳ್ಳದಾಚೆ

ನಮಸ್ಕಾರ. ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಕ್ಕೆ ಕಾಲ್ನಡಿಗೆ ಮತ್ತು ಸೈಕಲ್ ಸೇತುವೆಯ ವಿನ್ಯಾಸ ನಡೆದಿದೆ. ಈಗಿರುವುದು ಅಡಿಕೆ ಮರದ ಕಾಲುಸಂಕ. ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ.

ಜಾಗದ ವಿವರ: ಜಲಾನಯನ 18 ಚದರ ಕಿ.ಮೀ. ದಡದಿಂದ ದಡಕ್ಕೆ 31 ಮೀಟರ್. ಮರಗಳಿಗೆ ಸಿಕ್ಕಿಕೊಂಡ ಕಸ ನೋಡಿದರೆ ನೆರೆ ತಳದಿಂದ 3.0 ಮೀ. ಏರಿದೆ. ಎಡದಂಡೆ ಬರೀ ಬಂಡೆ, ತಳದಿಂದ 4.6 ಮೀ. ಎತ್ತರ. ಬಲದಂಡೆ 4.0 ಮೀ.; ಮೇಲೆ ಎರಡು ಮೀಟರ್ ಮುರಕಲ್ಲು, ಅದರಡಿ ಬಿಳಿ ಶೇಡಿ ಮಣ್ಣು. ಅಲ್ಲೇ ಅಂಚಿನಲ್ಲಿ ನಾಲ್ಕು ಹಳೇ ಹೊಳೆಮತ್ತಿ, ಒಂದಷ್ಟು ವಾಟೆ (ಬಿದಿರಿನ ಜಾತಿ) ಹಿಂಡು. ತೋಟದ ದಾರಿ 2.4 ಮೀ. ಅಗಲ: ಟ್ರ್ಯಾಕ್ಟರ್ ಬರುತ್ತದೆ, ಕ್ರೇನ್ ಬರುವುದಿಲ್ಲ. ಓಡಾಡುವವರು ಶಾಲೆ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ಸೈಕಲ್‌ನವರು. ದನಗಳೂ ದಾಟುತ್ತವೆ.

ಮೇಜಿನ ಮೇಲೆ ಮೂರು ಯೋಚನೆ ಇವೆ. ಇಳಿಬಿದ್ದ ಹಗ್ಗದ ತೂಗುಸೇತುವೆ. ಕೆಳಗೆ ಗರ್ಡರ್ (ದೊಡ್ಡ ತೊಲೆ) ಇಟ್ಟು ಮೇಲೆ ನಡೆಯುವ ಮಾಮೂಲಿ ಸೇತುವೆ. ಇಲ್ಲವೇ ತುಕ್ಕಿನ ಬಣ್ಣವೇ ಹೊದಿಕೆಯಾಗುವ ಕಾರ್ಟೆನ್ ಉಕ್ಕಿನದು. ಸಮಿತಿಯವರ ಬೇಡಿಕೆ ಎರಡು: ಹಸಿರು ಬಣ್ಣ ಬಳಿಯಬೇಕು, ಹಾಸು ಮರದ್ದಿರಬೇಕು, ‘ಪ್ರಕೃತಿಗೆ ಹೊಂದುವ ಹಾಗೆ’. ಅಗಲ 2.5 ಮೀ. ಅಂದುಕೊಂಡಿದ್ದೇವೆ. ಯಾವುದು ಸರಿ, ಎಲ್ಲಿ ಎಡವುತ್ತೇವೆ ಹೇಳಿ.

ನೆರೆಗುರುತು

ಮೊದಲು ನೀರಿನ ಲೆಕ್ಕ ಮುಗಿಸಿ, ಬಣ್ಣದ ಮಾತು ಆಮೇಲೆ.

ಜಲಾನಯನದ ವಿಸ್ತಾರದಿಂದ ನೆರೆಯ ಹರಿವು ಅಂದಾಜಿಸುವ ಡಿಕನ್ಸ್ ಸೂತ್ರಕ್ಕೆ ಪಶ್ಚಿಮಘಟ್ಟದಲ್ಲಿ ಗುಣಾಂಕ 22 ಹಾಕುತ್ತಾರೆ. 18 ಚ.ಕಿ.ಮೀ.ಗೆ ಸೆಕೆಂಡಿಗೆ ಸುಮಾರು 190 ಘನ ಮೀಟರ್ ಬರುತ್ತದೆ. ಸೂತ್ರವೊಂದನ್ನೇ ನಂಬಬೇಡಿ, ನಿಮ್ಮ ಕಸದ ಗುರುತಿನಿಂದಲೂ ತಾಳೆ ನೋಡಿ: 31 ಮೀ. ಅಗಲ, ಸರಾಸರಿ ಆಳ 2.1 ಅಂದರೆ 65 ಚದರ ಮೀಟರ್. ಗುಂಡುಕಲ್ಲಿನ ಹಳ್ಳದಲ್ಲಿ ನೆರೆಯ ವೇಗ ಸೆಕೆಂಡಿಗೆ 3 ಮೀ. ಹತ್ತಿರ. ಗುಣಿಸಿದರೆ 195. ಎರಡೂ ಕೂಡಿಬರುತ್ತಿವೆ, ಒಳ್ಳೆಯದು. ಆದರೆ ಆ ಕಸ ಯಾವ ವರ್ಷದ್ದು? 2019ರ ಆಗಸ್ಟ್ ನೆರೆಯದ್ದೋ, ಹೋದ ಮಳೆಗಾಲದ್ದೋ? ಹೋದ ವರ್ಷದ್ದಾದರೆ 3.0 ಅನ್ನುವುದು ಮಾಮೂಲಿ ನೆರೆ ಅಷ್ಟೆ, ನಿಮ್ಮ ಲೆಕ್ಕ ಪೂರಾ ಮೇಲಕ್ಕೆ ಹೋಗುತ್ತದೆ. ಹಳ್ಳದ ಪಕ್ಕದ ಮನೆಯ ಹಿರಿಯರನ್ನು ‘ನೀರು ಎಷ್ಟು ಬಂದಿತ್ತು’ ಎಂದು ಕೇಳಬೇಡಿ, ‘ಯಾವ ಮೆಟ್ಟಿಲಿಗೆ ಬಂದಿತ್ತು’ ಎಂದು ಕೇಳಿ. ಉತ್ತರ ಸಿಕ್ಕ ಜಾಗಕ್ಕೆ ಲೆವೆಲ್ ಹಿಡಿಯಿರಿ.

30ರಿಂದ 300 ಘನ ಮೀಟರ್ ಹರಿವಿಗೆ ನೆರೆಮಟ್ಟದ ಮೇಲೆ 900 ಮಿ.ಮೀ. ಬಿಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೇತುವೆ ನಿಯಮ ಐಆರ್‌ಸಿ 5 ಹೇಳುತ್ತದೆ. ಅದು ನೀರಿಗೆ. ನಿಮ್ಮ ಹಳ್ಳದಲ್ಲಿ ಬೇರುಸಮೇತ ಮರ ಬರುತ್ತದೆ, ಬೇರಿನ ಗಡ್ಡೆಯೇ ಒಂದು ಮೀಟರ್ ಇರುತ್ತದೆ. 1.2 ಮೀ. ಬಿಡಿ. ಸೇತುವೆಯ ತಳ 4.2 ಮೀ.ಗೆ ಬಂತು.

ಇಷ್ಟು ಹಟ ಯಾಕೆ ಅಂದರೆ, ಸರಾಸರಿ ವೇಗ 3 ಮೀ. ಇದ್ದಾಗ ಮೇಲ್ಮೈ ವೇಗದ ವರ್ಗವನ್ನು ಸರಾಸರಿ ವೇಗದ ವರ್ಗದ ಎರಡು ಪಟ್ಟು, ಅಂದರೆ 18 ಹಿಡಿಯಬೇಕು. ಐಆರ್‌ಸಿ 6ರ ಸೂತ್ರದಲ್ಲಿ ಚಪ್ಪಟೆ ಮುಖಕ್ಕೆ 52 × 1.5 × 18, ಚದರ ಮೀಟರಿಗೆ 1,400 ಕೆ.ಜಿ. 36 ಮೀ. ಸೇತುವೆಗೆ ಒಂದು ಮೀಟರ್ ಎತ್ತರ ಕಸ ಅಡ್ಡ ನಿಂತರೆ ಪಕ್ಕದಿಂದ 50 ಟನ್ ತಳ್ಳು. ಸೇತುವೆಯದೇ ತೂಕ ಅಷ್ಟಿರುವುದಿಲ್ಲ. ಕಾಲುಸಂಕಗಳು ಭಾರಕ್ಕೆ ಮುರಿದು ಬೀಳುವುದು ಅಪರೂಪ. ಹೀಗೆ ಪಕ್ಕಕ್ಕೆ ಸರಿದು ಹೋಗುವುದೇ ಹೆಚ್ಚು.

ಮಧ್ಯೆ ಕಂಬ ಬೇಡ. ಬಲದಂಡೆಯ ಅಬಟ್‌ಮೆಂಟನ್ನು (ಸೇತುವೆಯ ತುದಿ ಹೊರುವ ಕಟ್ಟೆ) ಅಂಚಿಗೆ ತರಬೇಡಿ, ಐದು ಮೀಟರ್ ಹಿಂದಕ್ಕೆ ಇಡಿ. ಸ್ಪ್ಯಾನ್ (ಎರಡು ಆಧಾರಗಳ ನಡುವಿನ ದೂರ) 31 ಇದ್ದದ್ದು 36 ಆಗುತ್ತದೆ, ಉಕ್ಕು ಜಾಸ್ತಿ ಹೋಗುತ್ತದೆ, ಹೋಗಲಿ. ಆ ದಂಡೆಯನ್ನು ಹಿಡಿದಿಟ್ಟಿರುವುದು ಹೊಳೆಮತ್ತಿಯ ಬೇರು. ಅದನ್ನು ಕಡಿದು ಕಾಂಕ್ರೀಟ್ ಗೋಡೆ ಕಟ್ಟಿದರೆ ಗೋಡೆಯ ಕೆಳಬದಿಯಲ್ಲಿ ಸುಳಿ ಎದ್ದು, ಎರಡು ಮೂರು ಮಳೆಗಾಲದಲ್ಲಿ ಕೊರೆತ ಶುರುವಾಗುತ್ತದೆ.

ಟ್ರಸ್‌ಪ್ರಿಯ

ಮೇಲಿನವರು ಕೊಟ್ಟ 4.2 ಮೀ.ನಿಂದಲೇ ಮುಂದುವರಿಸುತ್ತೇನೆ. ಸುತ್ತಲಿಗೆ ಹೊಂದುವ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಗರ್ಡರ್ ಕೆಳಗಿಟ್ಟರೆ 36 ಮೀ. ಸ್ಪ್ಯಾನಿಗೆ ಆಳ 1.45 ಮೀ. ಆದರೂ ಬೇಕು. ಹಾಸು ಸೇರಿ ನಡೆಯುವ ಮಟ್ಟ 5.8. ನಿಮ್ಮ ಬಲದಂಡೆ 4.0, ಎಡದಂಡೆ 4.6. ಸೈಕಲ್ ತುಳಿದುಕೊಂಡು ಹತ್ತಲು 20ಕ್ಕೆ 1ರ ಇಳಿಜಾರು ಅಂದರೆ ಬಲಕ್ಕೆ 36 ಮೀ., ಎಡಕ್ಕೆ 24 ಮೀ. ರ‍್ಯಾಂಪ್. ಸೇತುವೆಗಿಂತ ರ‍್ಯಾಂಪೇ ಉದ್ದ! 1.8 ಮೀ. ಎತ್ತರದ ಮಣ್ಣಿನ ದಿಬ್ಬಕ್ಕೆ ಬುಡದಲ್ಲಿ ಹತ್ತು ಮೀಟರ್ ಅಗಲ ಬೇಕು. ನಿಮ್ಮ ವಾಟೆ ಹಿಂಡೂ ಹೊಳೆಮತ್ತಿಯೂ ಅದರಡಿ ಹೋದವು. ಆಮೇಲೆ ಸೇತುವೆಗೆ ಯಾವ ಬಣ್ಣ ಬಳಿದು ಏನು?

ಅದೇ ಎರಡು ಬದಿಗೆ ಟ್ರಸ್ (ಕಡ್ಡಿಗಳನ್ನು ತ್ರಿಕೋನವಾಗಿ ಹೆಣೆದ ಚೌಕಟ್ಟು) ನಿಲ್ಲಿಸಿ ಮಧ್ಯದ ತೊಟ್ಟಿಯಲ್ಲಿ ನಡೆಯುವ ಹಾಗೆ ಮಾಡಿ: ಅಡ್ಡ ಬೀಮು 200, ಅದರ ಮೇಲೆ 100ರ ಉದ್ದ ಚಾನಲ್, ಅದರ ಮೇಲೆ 50ರ ಹಾಸು. ತಳದಿಂದ 350 ಮಿ.ಮೀ., ನಡೆಯುವ ಮಟ್ಟ 4.55. ಎಡಕ್ಕೆ ಬಂಡೆಯ ಮಟ್ಟವೇ ಬಂತು, ರ‍್ಯಾಂಪ್ ಬೇಡ. ಬಲಕ್ಕೆ 11 ಮೀ. ಸಾಕು, ಅದೂ ಮೊಣಕಾಲಿನಷ್ಟು ಎತ್ತರದ್ದು.

ಇಳಿಬಿದ್ದ ಹಗ್ಗದ ಸೇತುವೆ ಕಾಲ್ನಡಿಗೆಗೆ ಚೆಂದ, ಸೈಕಲ್ಲಿಗಲ್ಲ. ಮಾಮೂಲಿ ತೂಗು, ಅಂದರೆ ಹಗ್ಗ ನಡುವೆ ಇಳಿಯುವ ಅಳತೆ, ಸ್ಪ್ಯಾನಿನ ಇಪ್ಪತ್ತರಲ್ಲಿ ಒಂದು, ಇಲ್ಲಿ 1.8 ಮೀ. ಹಗ್ಗದ ಬಾಗು ಪರವಲಯದ ಆಕಾರದ್ದು; ತುದಿಯ ಇಳಿಜಾರು ಅದರ ನಾಲ್ಕರಷ್ಟನ್ನು ಸ್ಪ್ಯಾನಿನಿಂದ ಭಾಗಿಸಿದ್ದು: ಶೇ. 20. ಮಳೆಯಲ್ಲಿ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಬ್ರೇಕ್ ಹಿಡಿದರೂ ಜಾರುತ್ತದೆ. ಶೇ. 5ಕ್ಕೆ ಇಳಿಸಬೇಕಾದರೆ ತೂಗು 45 ಸೆಂ.ಮೀ.ಗೆ ಬರಬೇಕು, ಹಗ್ಗದ ಎಳೆತ ನಾಲ್ಕು ಪಟ್ಟಾಗುತ್ತದೆ, ಪೂರ್ತಿ ಜನಭಾರಕ್ಕೆ 600 ಟನ್ ಆಸುಪಾಸು. ಅದನ್ನು ಶೇಡಿ ಮಣ್ಣಿಗೆ ಕಟ್ಟಲು ಬರುವುದಿಲ್ಲ. ತೂಗು ಬಿಟ್ಟರೂ ಕಷ್ಟ: ನಡುಮಧ್ಯ 4.2ಕ್ಕಿಂತ ಕೆಳಗಿಳಿಯಬಾರದು ಅಂದರೆ ತುದಿಗಳು 6 ಮೀ.ಗೆ ಏರಬೇಕು, ಮತ್ತೆ ಅದೇ ರ‍್ಯಾಂಪು.

ಈಗ ಟ್ರಸ್ಸಿನ ಆಳ. ಇಲ್ಲೇ ಹೆಚ್ಚಿನವರು ತಪ್ಪುವುದು. ಭಾರ ಹೊರುವುದನ್ನು ಮಾತ್ರ ನೋಡಿದರೆ 1.5 ಮೀ. ಆಳ ಸಾಕು, ಮೇಲಿನ ಕಡ್ಡಿ ಸೀದಾ ಕೈಕಂಬಿಯಾಗುತ್ತದೆ, ಚಿತ್ರದಲ್ಲಿ ತೆಳ್ಳಗೆ ಮುದ್ದಾಗಿ ಕಾಣುತ್ತದೆ. ಆದರೆ ಕುಣಿಯುತ್ತದೆ. ಅಂದಾಜಿಗೆ ಒಂದು ಸುಲಭ ಸೂತ್ರ: ಸ್ವಂತ ತೂಕಕ್ಕೆ ನಡುವೆ ಎಷ್ಟು ಮಿ.ಮೀ. ತಗ್ಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿ, ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆಂದು ಸಿಗುತ್ತದೆ. ಮನುಷ್ಯ ನಡೆಯುವಾಗ ಹೆಜ್ಜೆ ಸೆಕೆಂಡಿಗೆ 1.6ರಿಂದ 2.4. ಸೇತುವೆಯ ಲೆಕ್ಕ ಅದರೊಳಗೆ ಬೀಳಬಾರದು.

ಎರಡು ಟ್ರಸ್ಸಿನ ಮೇಲಿನ, ಕೆಳಗಿನ ನಾಲ್ಕೂ ಉದ್ದ ಕಡ್ಡಿಗೆ 200 × 200 × 10 ಚೌಕ ಟ್ಯೂಬ್ (ಛೇದ ಸುಮಾರು 75 ಚ.ಸೆಂ.ಮೀ.), ಕಾಂಕ್ರೀಟ್ ಹಾಸು ಸೇರಿ ಮೀಟರಿಗೆ 900 ಕೆ.ಜಿ. ಅಂದುಕೊಳ್ಳಿ. ಆಳ 1.5 ಇದ್ದರೆ 67 ಮಿ.ಮೀ. ತಗ್ಗು, 2.2 ಸಲ: ಸರಿಯಾಗಿ ಹೆಜ್ಜೆಯ ಮೇಲೇ ಬಿತ್ತು. 1.7 ಇದ್ದರೆ 2.5 ಸಲ, ಜನ ತುಂಬಿದರೆ ತೂಕ ಏರಿ ಮತ್ತೆ ಒಳಗೆ ಇಳಿಯುತ್ತದೆ. 2.0 ಇದ್ದರೆ 37 ಮಿ.ಮೀ., ಹತ್ತಿರ ಹತ್ತಿರ 3 ಸಲ. ಚದರ ಮೀಟರಿಗೊಬ್ಬರು ನಿಂತರೂ 2.7. ಆದ್ದರಿಂದ 2.0 ಮೀ.

ಇನ್ನೊಂದು ಲಾಭವೂ ಇದೆ. 1.7 ಆಳಕ್ಕೆ ಮೇಲಿನ ಕಡ್ಡಿ ಹಾಸಿನಿಂದ 1.35–1.55 ಎತ್ತರದಲ್ಲಿ ಬರುತ್ತದೆ, ಅಂದರೆ ನಿಂತವರ ಕಣ್ಣಿಗೆ ಅಡ್ಡ; ಹೊಳೆ ನೋಡಲು ಬಗ್ಗಬೇಕು ಇಲ್ಲವೇ ಕತ್ತು ನೀಡಬೇಕು. 2.0 ಆಳಕ್ಕೆ ಕಡ್ಡಿಯ ತಳವೇ 1.65ಕ್ಕೆ ಹೋಗಿ, ನೋಟ ಅದರಡಿ ಸಲೀಸಾಗಿ ಹಾಯುತ್ತದೆ.

ಪಕ್ಕಕ್ಕೆ ತೊನೆಯುವುದನ್ನೂ ನೋಡಿ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿದ್ದು ಈ ಅಡ್ಡ ಓಲಾಟಕ್ಕೆ. ಓಲಾಟ ತಗ್ಗಿಸುವ ಡ್ಯಾಂಪರ್ ಕೂರಿಸಿ ಮತ್ತೆ ತೆರೆದದ್ದು 2002ರಲ್ಲಿ. ಕೆಳಗಿನ ಎರಡು ಕಡ್ಡಿಗಳ ನಡುವೆ ಓರೆ ಕಟ್ಟು ಪೂರ್ತಿ ಉದ್ದಕ್ಕೂ ಹಾಕಿದರೆ ನಿಮಗೆ ಆ ತೊಂದರೆ ಇಲ್ಲ. ಮೇಲಿನ ಕಡ್ಡಿಗೆ ಮೇಲುಗಡೆ ಕಟ್ಟು ಇರುವುದಿಲ್ಲವಲ್ಲ, ಅದು ಪಕ್ಕಕ್ಕೆ ಬಾಗದ ಹಾಗೆ ತಡೆಯುವುದು ನಿಲುವು ಕಡ್ಡಿ ಮತ್ತು ಅಡ್ಡ ಬೀಮು ಸೇರಿ ಆಗುವ ‘ಯು’ ಆಕಾರ. ಆ ಮೂಲೆಯನ್ನು ಎರಡು ಬೋಲ್ಟಿನ ಆ್ಯಂಗಲ್ ತುಂಡಿನಿಂದ ಸೇರಿಸಿದರೆ ‘ಯು’ ಕೆಲಸವೇ ಮಾಡುವುದಿಲ್ಲ. ಎಂಡ್ ಪ್ಲೇಟ್, ನಾಲ್ಕು ಬೋಲ್ಟ್, ಗಸೆಟ್ (ಮೂಲೆ ಬಿಗಿಯುವ ತಗಡು) ಬೇಕೇ ಬೇಕು.

ತೂಗುಹಗ್ಗ

ಟ್ರಸ್‌ಪ್ರಿಯ ಅವರೇ, ತೂಗುಸೇತುವೆಯನ್ನು ಇಷ್ಟು ಬೇಗ ಕೈಬಿಡಬೇಡಿ ಮಾರಾಯ್ರೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದರಿಂದ ಶುರುಮಾಡಿ ನೂರಕ್ಕೂ ಹೆಚ್ಚು ಇಂಥ ಸೇತುವೆ ಕಟ್ಟಿದ್ದಾರೆ, 2017ರಲ್ಲಿ ಪದ್ಮಶ್ರೀಯೂ ಬಂತು. ಹಲವು ಇಂಥವೇ ಹೊಳೆ, ಇಂಥವೇ ದಂಡೆ. ಎರಡು ಗೋಪುರ ನಿಲ್ಲಿಸಿ ಹಾಸನ್ನು ಮಟ್ಟಸವಾಗಿ ತೂಗುಹಾಕಿದರೆ ನಿಮ್ಮ ಶೇ. 20ರ ಇಳಿಜಾರಿನ ಮಾತೇ ಬರುವುದಿಲ್ಲ. ಕ್ರೇನೂ ಬೇಡ.

ಟ್ರಸ್‌ಪ್ರಿಯ

ಒಪ್ಪಿದೆ, ಮಟ್ಟಸ ಹಾಸಿನದಕ್ಕೆ ಇಳಿಜಾರಿನ ಆಕ್ಷೇಪ ನಿಲ್ಲುವುದಿಲ್ಲ. ಅಗಲವೇ ಇಲ್ಲಿ ತೊಡಕು. ಒಂದು ಮೀಟರ್ ಅಗಲದ ನಡೆದಾರಿಗೆ ಬರುವ ಭಾರ ಒಂದು, 2.5 ಮೀ.ಗೆ ಬರುವುದು ಅದರ ಎರಡೂವರೆ ಪಟ್ಟು. ಚದರ ಮೀಟರಿಗೆ 500 ಕೆ.ಜಿ. ಜನಭಾರ, ಹಗ್ಗದ ತೂಗು ಸ್ಪ್ಯಾನಿನ ಹತ್ತರಲ್ಲಿ ಒಂದು ಅಂತ ಹಿಡಿದರೆ ಅಡ್ಡ ಎಳೆತ 80 ಟನ್, ಮೇಲಕ್ಕೆ 32 ಟನ್. ಬಲದಂಡೆಯಲ್ಲಿ ಬರೀ ತೂಕದ ಮೇಲೆ ಅದನ್ನು ಹಿಡಿದಿಡಲು 130–140 ಘನ ಮೀಟರ್ ಕಾಂಕ್ರೀಟ್ ಹೂಳಬೇಕು. ಅಷ್ಟು ದೊಡ್ಡ ಹೊಂಡ ಮುರಕಲ್ಲಿನ ಪದರ ದಾಟಿ ಶೇಡಿಗೆ ಇಳಿಯುತ್ತದೆ. ಎರಡೂ ದಂಡೆ ಬಂಡೆಯಾಗಿದ್ದರೆ ನನ್ನ ಉತ್ತರವೂ ತೂಗುಸೇತುವೆಯೇ ಆಗುತ್ತಿತ್ತು.

ಇನ್ನೊಂದು: ಹಗ್ಗದ ಆಯುಷ್ಯ ಕಾಣದ ಜಾಗದಲ್ಲಿ ಮುಗಿಯುತ್ತದೆ, ಕ್ಲಾಂಪಿನೊಳಗೆ, ಹಗ್ಗದ ತುದಿ ನೆಲಕ್ಕೆ ಬಿಗಿದ ಆ್ಯಂಕರಿನ ಬಾಯಲ್ಲಿ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಹರಿದು 130ಕ್ಕೂ ಹೆಚ್ಚು ಜನ ಸತ್ತದ್ದು ನೆನಪಿರಲಿ. ಹಳೇ ಹಗ್ಗ ತುಕ್ಕು ಹಿಡಿದಿತ್ತು, ಮರದ ಹಾಸು ತೆಗೆದು ಲೋಹದ ಹಾಸು ಹಾಕಿದ್ದರು. ವರ್ಷಕ್ಕೊಮ್ಮೆ ಕ್ಲಾಂಪ್ ಬಿಚ್ಚಿ ಗ್ರೀಸ್ ಹಚ್ಚುವವರು ಊರಲ್ಲಿ ಯಾರು ಅನ್ನುವುದು ಇತ್ಯರ್ಥ ಆಗದೆ ಹಗ್ಗ ತೂಗಬಾರದು.

ಹಳ್ಳದಾಚೆ

ಟ್ರಸ್ ಅನ್ನುವುದು ಮನಸ್ಸಿಗೆ ಬಂತು. ಕಸದ ಗುರುತು 2019ರದ್ದೇ, ಹಿರಿಯರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇವೆ. ಈಗ ಎರಡು ಪ್ರಶ್ನೆ. ಬಲದಂಡೆಯ ಪಾಯ ನಕ್ಷೆಯಲ್ಲಿ 2.5 ಮೀ. ಆಳ ಅಂತಿದೆ, ಶೇಡಿಯಲ್ಲಿ ಸಾಲುತ್ತದಾ ಅಥವಾ ಇನ್ನೂ ಆಳಕ್ಕೆ ಹೋಗಬೇಕಾ? ಹಾಸಿಗೆ ಮರ ಹಾಕಿದರೆ ಭಾರವೂ ಕಡಿಮೆಯಾಗಿ ಕುಣಿತವೂ ಕಡಿಮೆಯಾಗುತ್ತದಲ್ಲ?

ಮುರಕಲ್ಲು

ಆಳಕ್ಕೆ ಹೋಗಬೇಡಿ, ಮೇಲೆ ಬನ್ನಿ! 2.5 ಮೀ. ಅಗೆದರೆ ಇರುವ ಒಂದೇ ಗಟ್ಟಿ ಪದರವನ್ನು ತೂತು ಮಾಡಿ ಅದರಡಿಯ ಬೆಣ್ಣೆಯ ಮೇಲೆ ಪಾಯ ಕೂರಿಸಿದ ಹಾಗೆ. ಶೇಡಿ ಮಣ್ಣು ಒಣಗಿದ್ದಾಗ ಗುದ್ದಲಿಗೆ ಗಟ್ಟಿ ಅನಿಸುತ್ತದೆ. ಒಂದು ಹಿಡಿ ಉಂಡೆ ಮಾಡಿ ನೀರಿನ ಲೋಟಕ್ಕೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಕರಗಿ ತಳದಲ್ಲಿ ಹರಡಿಕೊಳ್ಳುತ್ತದೆ. ಹೊಂಡ ತೋಡಿ ಮಳೆ ನೀರು ನಿಂತರೆ ಅದೇ ಆಗುವುದು.

ಟ್ರಸ್ಸಿನಿಂದ ಒಂದು ದಂಡೆಗೆ ಬರುವ ಭಾರ ಜನ ತುಂಬಿದರೂ 40 ಟನ್ ಒಳಗೆ. ಅಬಟ್‌ಮೆಂಟಿನ ತೂಕ ಸೇರಿ 65 ಅನ್ನಿ. ಮುರಕಲ್ಲಿನಲ್ಲಿ 70–80 ಸೆಂ.ಮೀ. ಮಾತ್ರ ಇಳಿದು 4 × 2.5 ಮೀ. ಹಾಸುಪಾಯ ಹಾಕಿದರೆ ಚದರ ಮೀಟರಿಗೆ 6.5 ಟನ್. ಉಳಿದ 1.2 ಮೀ. ಮುರಕಲ್ಲು ಅದನ್ನು ಹರಡಿ ಶೇಡಿಯ ತಲೆಗೆ ಅದರ ಅರ್ಧ ಮಾತ್ರ ತಲುಪಿಸುತ್ತದೆ. ಆದರೂ ಮಣ್ಣಿನ ಪದರ ನೋಡಲು ಹತ್ತು ಮೀಟರಿನ ಎರಡು ಬೋರ್ ತೆಗೆಸಿ. ಒಂದನ್ನು ಪಾಯದ ಜಾಗದಲ್ಲಿ, ಇನ್ನೊಂದನ್ನು ಅಂಚಿನ ಹತ್ತಿರ.

ನಿಜವಾದ ಅಪಾಯ ಭಾರವಲ್ಲ. ನೆರೆ ಬಂದಾಗ ದಂಡೆಯ ಮುಖದಲ್ಲಿ ಬರಿಮೈಯಾದ ಶೇಡಿ ತೊಳೆದುಹೋಗಿ, ಮೇಲಿನ ಮುರಕಲ್ಲು ಚಜ್ಜಾ ಥರ ಹೊರಚಾಚಿ, ಒಂದು ದಿನ ದೊಡ್ಡ ಗಟ್ಟಿಯಾಗಿ ಕಳಚಿ ಬೀಳುತ್ತದೆ. ಈ ಬೇಸಿಗೆಯಲ್ಲೇ ಹಳ್ಳಕ್ಕಿಳಿದು ಬಿಳಿ ಪದರ ಎಲ್ಲೆಲ್ಲಿ ಕಾಣುತ್ತದೆ ನೋಡಿ. ಕಂಡಲ್ಲೆಲ್ಲ ಬುಡಕ್ಕೆ 35–40 ಸೆಂ.ಮೀ. ಗಾತ್ರದ, 70–80 ಕೆ.ಜಿ. ತೂಗುವ ಕಾಡುಕಲ್ಲು ಎರಡು ಸಾಲು, ಹಿಂದೆ ಜಲ್ಲಿ ಮರಳಿನ ಸೋಸುಪದರ. ಸೋಸುಪದರ ಇಲ್ಲದೆ ಕಲ್ಲು ಜೋಡಿಸಿದರೆ ಸಂದಿಯಿಂದ ಶೇಡಿ ಹಾಲಿನ ಹಾಗೆ ಸೋರಿ ಹೋಗುತ್ತದೆ. ಕಲ್ಲಿನ ಸಂದಿಗೆ ಸಿಮೆಂಟ್ ತುಂಬಬೇಡಿ. ಹಿಂದೆ ನೀರು ಕಟ್ಟಿ ಗೋಡೆಯನ್ನು ತಳ್ಳುತ್ತದೆ, ಬೇರು ಇಳಿಯಲೂ ಜಾಗ ಇರುವುದಿಲ್ಲ. ನೆರೆಮಟ್ಟದ ಮೇಲಿನ ಭಾಗಕ್ಕೆ ಮುರಕಲ್ಲಿನ ಗೋಡೆ ಸಾಕು, ಅಂಚಿಗೆ ಲಾವಂಚ ನೆಡಿ. ಪಾಯದಡಿಯೂ ಬಿಳಿ ಪದರ ಅಂಚಿನವರೆಗೆ ಬಂದಿದೆ ಅಂತ ಬೋರಿನಲ್ಲಿ ಕಂಡರೆ ಮಾತ್ರ 150 ಮಿ.ಮೀ.ನ ಆರು ಮೈಕ್ರೋಪೈಲ್ (ನೆಲದೊಳಗಿನ ಸಣ್ಣ ಕಂಬ) ಗಟ್ಟಿ ಬಂಡೆಗೆ ಇಳಿಸಿ.

ರ‍್ಯಾಂಪಿನ ನೀರು ಪಾಯದ ಹಿಂದೆ ಇಂಗಬಾರದು. ರ‍್ಯಾಂಪಿನ ಮೇಲುತುದಿಯಲ್ಲೇ ಅಡ್ಡ ಚರಂಡಿ ಕೊಟ್ಟು, ಹತ್ತು ಮೀಟರ್ ಆಚೆ ಹಳ್ಳಕ್ಕೆ ಬಿಡಿ.

ಎಡದಂಡೆ ಸುಲಭ: ಬಂಡೆಯ ಹೊರಪದರ ಕೆತ್ತಿ, ಒಂದು ಮೀಟರ್ ತೂತು, ಗಾಳಿ ಊದಿ ಪುಡಿ ತೆಗೆದು 25 ಮಿ.ಮೀ. ಸರಳು ಇಳಿಸಿ ಗ್ರೌಟ್ ಮಾಡಿ (ಸುತ್ತ ತೆಳು ಗಾರೆ ತುಂಬಿ). ಬಂಡೆಯ ಬಿರುಕು ಹಳ್ಳದ ಕಡೆಗೆ ಇಳಿಜಾರಾಗಿದೆಯೇ ಎಂದಷ್ಟೇ ನೋಡಿಕೊಳ್ಳಿ.

ಹ್ಯಾಂಡಲ್‌ಬಾರ್

ಹಾಸಿನ ಬಗ್ಗೆ. ಮರ ಹಾಕಿದರೆ ಮೀಟರಿಗೆ 200 ಕೆ.ಜಿ. ಇಳಿದು ಕುಣಿತದ ಲೆಕ್ಕ 3.4ರ ಹತ್ತಿರ ಹೋಗುತ್ತದೆ, ನಿಜ. ಆದರೆ ಮರಗಳ ನೆರಳಿನಲ್ಲಿ, ನಾಲ್ಕು ತಿಂಗಳು ಬಿಡದ ಮಳೆಯಲ್ಲಿ, ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಹಿಡಿಯುತ್ತದೆ. ಅಡಿಕೆಯಂಗಳಕ್ಕೆ ಸುಣ್ಣ ಚೆಲ್ಲಿ ಪಾಚಿ ತೆಗೆಯುವ ಉಪಾಯವನ್ನು ಹೊಳೆಯ ಮೇಲೆ ಮಾಡುವಂತಿಲ್ಲ. ಗೀರು ಹಾಕಿದ ಹಲಗೆ ಜಾರುವುದಿಲ್ಲ ಅನ್ನುತ್ತಾರೆ. ಗೀರಿನಲ್ಲಿ ಮಣ್ಣು ತುಂಬಿ ನೀರು ನಿಂತು ಅಲ್ಲೇ ಮೊದಲು ಕೊಳೆಯುತ್ತದೆ. ಮರವೇ ಬೇಕೆಂದರೆ ಗೀರಿನ ಬದಲು ಎಪಾಕ್ಸಿಯಲ್ಲಿ ಸ್ಫಟಿಕ ಮರಳು ಕೂರಿಸಿದ ಪಟ್ಟಿ, ಹಲಗೆಯ ನಡುವೆ 8 ಮಿ.ಮೀ. ಸಂದಿ, ಚಾನಲ್ ಮೇಲೆ ಬಿಟುಮೆನ್ ಟೇಪ್, ಸ್ಟೇನ್‌ಲೆಸ್ ಸ್ಕ್ರೂ. ತಾಮ್ರದ ಔಷಧಿ ಏರಿಸಿದ ಮರಕ್ಕೆ ಸತು ಬಳಿದ ಸ್ಕ್ರೂ ಹಾಕಿದರೆ ಸ್ಕ್ರೂವೇ ಮೊದಲು ಹೋಗುತ್ತದೆ. ಇಷ್ಟೆಲ್ಲ ಮಾಡಿ ಹಲಗೆ ಬದಲಿಸುವ ಖರ್ಚನ್ನೂ ಪಂಚಾಯಿತಿ ಲೆಕ್ಕದಲ್ಲಿ ಬರೆದಿಡಿ.

ನನ್ನ ಆಯ್ಕೆ ಮೊದಲೇ ಎರೆದ ಕಾಂಕ್ರೀಟ್ ಚಪ್ಪಡಿ: 2.5 ಮೀ. ಉದ್ದ, 30 ಸೆಂ.ಮೀ. ಅಗಲ, 50 ಮಿ.ಮೀ. ದಪ್ಪ, ಒಂದಕ್ಕೆ 94 ಕೆ.ಜಿ., ನಾಲ್ಕು ಜನ ಹೊರಬಹುದು. 8 ಮಿ.ಮೀ. ಸಂದಿ ಬಿಟ್ಟು 117 ಬೇಕು, 125 ಎರೆಯಿರಿ. ಹಸಿ ಇರುವಾಗಲೇ ತೆಂಗಿನಕಡ್ಡಿ ಪೊರಕೆಯಿಂದ ಉದ್ದಕ್ಕೆ ಎಳೆದರೆ ಗೆರೆ ನಡೆಯುವ ದಿಕ್ಕಿಗೆ ಅಡ್ಡ ಬರುತ್ತದೆ. ಚಪ್ಪಡಿಯ ಸಂದಿಯೂ ಅಡ್ಡವೇ ಇರಲಿ. ಉದ್ದಕ್ಕೆ ಬಂದ ಸಂದಿಯಲ್ಲಿ ಸೈಕಲ್ ಟಯರ್ ಸಿಕ್ಕಿಬೀಳುತ್ತದೆ. ಊರಿನ ಕಲ್ಲುಪುಡಿ ಹಾಕಿದರೆ ಎರಡನೇ ವರ್ಷಕ್ಕೆ ಬಂಡೆಯ ಬಣ್ಣವೇ ಬರುತ್ತದೆ, ಬೇರೆ ಶೃಂಗಾರ ಬೇಡ.

ಕಬ್ಬಿಣದ ಜಾಲಿ ಹಾಸು ಬೇಡವೇ ಬೇಡ. ಕೆಳಗೆ ನೀರು ಹರಿಯುವುದು ಕಂಡರೆ ದನ ಹೆಜ್ಜೆ ಇಡುವುದಿಲ್ಲ, ಹಿಂದಿನಿಂದ ಹೊಡೆದರೆ ಗೊರಸು ಸಿಕ್ಕಿಸಿಕೊಳ್ಳುತ್ತದೆ.

ಕೈಕಂಬಿ ಕಾಲ್ನಡಿಗೆಗೆ 1.1 ಮೀ. ಸಾಕಾದರೂ ಸೈಕಲ್ ಮೇಲೆ ಕೂತವನ ಭಾರ ಅದಕ್ಕಿಂತ ಮೇಲಿರುತ್ತದೆ, 1.4 ಮಾಡಿ. ಟ್ರಸ್ಸಿನ ನಿಲುವು ಕಡ್ಡಿಗಳ ಒಳಮುಖಕ್ಕೆ, ಹ್ಯಾಂಡಲ್ ಎತ್ತರದಲ್ಲಿ, ಒಂದು ನುಣುಪಾದ ಉದ್ದ ಪೈಪು ಓಡಲಿ. ಇಲ್ಲದಿದ್ದರೆ ಹ್ಯಾಂಡಲ್ ತುದಿ ಕಡ್ಡಿಗೆ ತಾಗಿ ಸವಾರ ಬೀಳುತ್ತಾನೆ. 2.5 ಮೀ. ಅಗಲವನ್ನು ಈ ಪೈಪುಗಳ ನಡುವೆ ಅಳೆಯಿರಿ, ಟ್ರಸ್ಸುಗಳ ನಡುವೆ ಅಲ್ಲ. ಮಕ್ಕಳ ತಲೆ ನುಸುಳದಂತೆ ಸಂದಿ 100 ಮಿ.ಮೀ. ಒಳಗೆ.

ಬೈಕ್ ಬಂದೇ ಬರುತ್ತದೆ. ನಡುವೆ ಒಂದು ಗೂಟ ಹಾಕಿ ಎರಡೂ ಬದಿಗೆ 1.2 ಮೀ. ಬಿಟ್ಟರೆ ಆಟೋ ನಿಲ್ಲುತ್ತದೆ, ಬೈಕ್ ನಿಲ್ಲುವುದಿಲ್ಲ. ಬೈಕ್ ತಡೆಯಲು ಸುತ್ತುಗೇಟು ಇಟ್ಟರೆ ಗಾಲಿಕುರ್ಚಿ, ಹಾಲಿನ ಸೈಕಲ್, ಗಬ್ಬದ ಹಸು ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಬೈಕಿನ ಗಾಲಿಭಾರಕ್ಕೆ ಚಪ್ಪಡಿಯನ್ನು ಪರೀಕ್ಷಿಸಿ ಸುಮ್ಮನಿರುವುದು ಲೇಸು.

ಮಿಂಚುಹುಳ

ಬಣ್ಣ ಮತ್ತು ಬೆಳಕಿನ ಬಗ್ಗೆ ಎರಡು ಮಾತು.

ಕಾರ್ಟೆನ್ ಚಿತ್ರದಲ್ಲಿ ಮರದ ತೊಗಟೆಯ ಹಾಗೆ ಕಾಣುವುದು ಹೌದು. ಆದರೆ ಅದರ ರಕ್ಷಣೆಯ ಪದರ ಕಟ್ಟುವುದು ನೆನೆದು ಒಣಗಿ, ನೆನೆದು ಒಣಗಿ. ನಿಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಒಣಗುವ ಭಾಗವೇ ಇಲ್ಲ. ಮೂಲೆಯಲ್ಲಿ ಎಲೆ ಕೊಳೆತು ಕೂತಲ್ಲಿ ಮಾಮೂಲಿ ಉಕ್ಕಿನಂತೆಯೇ ತಿನ್ನುತ್ತದೆ, ಕೆಂಪು ನೀರು ಅಬಟ್‌ಮೆಂಟಿನ ಮೇಲೆ ಇಳಿಯುತ್ತದೆ. ಬಿಸಿ ಸತುವಿನಲ್ಲಿ ಅದ್ದಿಸಿ, ಸತು ಲೇಪನದ ಭಾರತೀಯ ಮಾನಕ ಐಎಸ್ 4759ರ ಪ್ರಕಾರ ಚದರ ಮೀಟರಿಗೆ 610 ಗ್ರಾಂ. ಹೊಸತರಲ್ಲಿ ಫಳಫಳ ಅನ್ನುತ್ತದೆ, ಒಂದೆರಡು ಮಳೆಗಾಲ ಕಳೆದರೆ ಮೋಡದ ಬೂದಿಗೆ ಬರುತ್ತದೆ. ಬಣ್ಣ ಬೇಕೇ ಬೇಕೆಂದರೆ ಕಡು ಬೂದು ಅಥವಾ ಕಂದು. ಡಬ್ಬಿಯ ಹಸಿರು ಎಲೆಯ ಹಸಿರಿಗೆ ಎಂದೂ ಕೂಡುವುದಿಲ್ಲ, ದೂರದಿಂದ ಬಸ್ ಸ್ಟ್ಯಾಂಡಿನ ಗ್ರಿಲ್ ಥರ ಕಾಣುತ್ತದೆ. ಕಾಡಿನೊಳಗೆ ನೋಡಿದರೆ ಕಣ್ಣಿಗೆ ಹೆಚ್ಚು ಸಿಗುವುದು ನೆರಳು ಮತ್ತು ಕಾಂಡ, ಎರಡೂ ಹಸಿರಲ್ಲ.

ಬೆಳಕು: ಕೈಕಂಬಿಯುದ್ದಕ್ಕೂ ಬಿಳಿ ಎಲ್‌ಇಡಿ ಸಾಲು ಬೇಡ. ಮುಂಗಾರು ಹಿಡಿಯುವ ಮುಂಚೆ ಹೊಳೆದಂಡೆಯ ಮರಗಳಲ್ಲಿ ಮಿಂಚುಹುಳು ಜೊತೆ ಹುಡುಕುವುದೇ ಮಿಣುಕಿನಿಂದ, ಬೆಳಕಿದ್ದಲ್ಲಿ ಅದು ನಡೆಯುವುದಿಲ್ಲ. ಎರಡು ತುದಿಗೆ ಮೊಣಕಾಲೆತ್ತರದ, ಕೆಳಮುಖದ, ಹಳದಿ ದೀಪ. ಆಳು ಬಂದರೆ ಹೊತ್ತುವಂಥದ್ದು. ಹಾಸಿನ ಅಂಚಿಗೆ ಬಿಳಿ ಗೆರೆ ಎಳೆದರೆ ಬೆಳದಿಂಗಳಿಗೂ ಸಾಕು.

ಅಬಟ್‌ಮೆಂಟ್ ಐದು ಮೀಟರ್ ಹಿಂದೆ ಹೋಯಿತಲ್ಲ, ಆ ಜಾಗವನ್ನು ಕಾಂಕ್ರೀಟ್ ಹಾಕಿ ಚೊಕ್ಕ ಮಾಡಬೇಡಿ. ನೀರುನಾಯಿ ಒಣದಂಡೆಯಲ್ಲೇ ಸಾಗುತ್ತದೆ. ಸೇತುವೆಯಡಿ ದಾರಿ ಕಟ್ಟಾದರೆ ಮೇಲೆ ಹತ್ತಿ ನಾಯಿಗಳ ಬಾಯಿಗೆ ಬೀಳುತ್ತದೆ. ಮಣ್ಣು ಕಲ್ಲು ಇದ್ದ ಹಾಗೇ ಇರಲಿ.

ಹಳ್ಳದಾಚೆ

ಎಲ್ಲರಿಗೂ ಧನ್ಯವಾದ. ಕೊನೆಯ ತೊಡಕು: ಕ್ರೇನ್ ಇಲ್ಲದೆ 17 ಟನ್ ಉಕ್ಕು ದಾಟಿಸುವುದು ಹೇಗೆ?

ಟ್ರಸ್‌ಪ್ರಿಯ

ಟ್ರಸ್ಸನ್ನು ಆರು ಮೀಟರ್ ತುಂಡಾಗಿ ಮಾಡಿಸಿ. ಒಂದು ಬದಿಗೆ ಆರು, ಒಟ್ಟು ಹನ್ನೆರಡು, ತುಂಡಿಗೆ ಒಂದು ಟನ್ ಆಸುಪಾಸು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬರುತ್ತದೆ, ಎರಡು ಟನ್ನಿನ ಚೈನ್ ಬ್ಲಾಕಿಗೆ ಏಳುತ್ತದೆ, ಸತುವಿನ ತೊಟ್ಟಿಗೂ ಹಿಡಿಸುತ್ತದೆ. ತೊಟ್ಟಿಯ ಉದ್ದ, ಆಳ ಎರಡನ್ನೂ ನಕ್ಷೆ ಮುಗಿಸುವ ಮೊದಲೇ ಕೇಳಿ, 2.2 ಮೀ. ಎತ್ತರದ ತುಂಡನ್ನು ಒಂದೇ ಅದ್ದಿಗೆ ಮುಳುಗಿಸದ ತೊಟ್ಟಿಗಳಿವೆ. ಆಗ ಓರೆ ಕಡ್ಡಿಗಳನ್ನು ಬೋಲ್ಟಿನದು ಮಾಡಬೇಕಾಗುತ್ತದೆ. ಟ್ಯೂಬಿನ ಎರಡೂ ತುದಿಗೆ ಗಾಳಿ ಹೋಗುವ, ಸತು ಸೋರುವ ತೂತು ಇರಲೇಬೇಕು. ಮುಚ್ಚಿದ ಟ್ಯೂಬ್ 450 ಡಿಗ್ರಿಯ ಸತುವಿಗೆ ಇಳಿದರೆ ಒಳಗಿನ ತೇವ ಹಬೆಯಾಗಿ ಸಿಡಿಯುತ್ತದೆ.

ಜೋಡಣೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ನೀರು ಕಡಿಮೆ ಇದ್ದಾಗ ಹಳ್ಳದಲ್ಲಿ ಆರು ಮೀಟರಿಗೊಂದು ಮರಳುಚೀಲದ ಬುಡ, ಅದರ ಮೇಲೆ ಸ್ಲೀಪರ್ (ದಪ್ಪ ದಿಮ್ಮಿ) ಅಟ್ಟಿ. ಕೆಳಗಿನ ಕಡ್ಡಿ ಮೊದಲು ಸಾಲಾಗಿ ಕೂರಿಸಿ ನಡುವೆ 60 ಮಿ.ಮೀ. ಉಬ್ಬು ಕೊಡಿ, ಸ್ವಂತ ತೂಕಕ್ಕೆ 37 ಇಳಿದ ಮೇಲೂ ನೀರು ಎರಡೂ ಕಡೆಗೆ ಹರಿಯುತ್ತದೆ. ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಇಡೀ ಸಾಲು ಕೂತ ಮೇಲೆ. ಒಂದೊಂದೇ ತುಂಡು ಬಿಗಿಯುತ್ತಾ ಹೋದರೆ ಕೊನೆಯ ತೂತು ಕೂಡುವುದಿಲ್ಲ, ಆಗ ಗ್ಯಾಸ್ ಕಟರ್ ಹಿಡಿದು ತೂತು ದೊಡ್ಡದು ಮಾಡುತ್ತಾರೆ. ಅದಕ್ಕೆ ಬಿಡಬೇಡಿ. ಮೇ ಮುಗಿಯುವುದರೊಳಗೆ ಚೀಲ ಒಂದೂ ಹಳ್ಳದಲ್ಲಿ ಉಳಿಯಬಾರದು.

ಎಡದ ಬಂಡೆಗೆ ಸ್ಥಿರ ಬೇರಿಂಗ್ (ಸೇತುವೆಯ ತುದಿ ಕೂರುವ ಆಸರೆ), ಬಲಕ್ಕೆ ಸರಿಯುವುದು. 30 ಡಿಗ್ರಿ ವ್ಯತ್ಯಾಸಕ್ಕೆ 13 ಮಿ.ಮೀ. ಹಿಗ್ಗುತ್ತದೆ, 25 ಬಿಡಿ.

ಹ್ಯಾಂಡಲ್‌ಬಾರ್

ಆ 25 ಮಿ.ಮೀ. ಸಂದಿಗೆ ಮುಚ್ಚುವ ತಗಡನ್ನು ಸೇತುವೆಯ ಕಡೆ ಬೋಲ್ಟ್ ಮಾಡಿ, ರ‍್ಯಾಂಪಿನ ಕಡೆ ಸಡಿಲ ಬಿಡಿ, ಸಡಿಲ ಅಂಚನ್ನು ಓರೆಯಾಗಿ ಉಜ್ಜಿಸಿ. ಎರಡೂ ಕಡೆ ಬಿಗಿದ ತಗಡು ಮೊದಲ ಬೇಸಿಗೆಗೇ ಗೂನು ಏಳುತ್ತದೆ, ಇಳಿಜಾರಿನಿಂದ ಬರುವ ಸೈಕಲ್ ಎಡವುವುದು ಅಲ್ಲೇ.

ಹಳ್ಳದಾಚೆ

ಬರೆದುಕೊಂಡೆ. ಹೊಸ ನಕ್ಷೆಯಲ್ಲಿ ಬಲದಂಡೆಯ ಪಾಯ 2.5ರಿಂದ 0.8 ಮೀ.ಗೆ ಬಂದಿದೆ, ಬೋರ್ ಹೊಡೆಯುವವರು ಸೋಮವಾರ ಬರುತ್ತಾರೆ.

ಮುರಕಲ್ಲು

ಬೋರಿನ ಮಾದರಿಯನ್ನು ಒಣಗಲು ಬಿಡಬೇಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿಸಿ. ಒಣಗಿದ ಶೇಡಿ ನೋಡಿದರೆ ಯಾರಾದರೂ ‘ಗಟ್ಟಿ ಇದೆ’ ಅಂತಲೇ ಬರೆಯುತ್ತಾರೆ.